ನಮ್ಮ ಹುಡುಗಿಯ ಮೇಲೆ ಕಲಿಯುತ್ತೀರೇನು?

(ಆಸ್ಪತ್ರೆಯ ತಿಂಗಳ ತಾಯಂದಿರ ಸಭೆಯಲ್ಲಿ ನರ್ಸಿಂಗ್ ಶಾಲೆಯ ಬೋಧಕಿಯವರು ಮಾಡಿದ ಉಪನ್ಯಾಸದ ಬರಹರೂಪ)

 

ಪ್ರತಿ ತಿಂಗಳು ಈ ಸಭೆಯಲ್ಲಿ ಗರ್ಭಿಣಿಯ ಊಟ, ಕಬ್ಬಿಣಾಂಶದ ಮಾತ್ರೆ, ಮಗುವಿನ ಲಸಿಕೆ ಇಂಥ ವಿಷಯ ಹೇಳುತ್ತೇವೆ. ಇವತ್ತು ಅದನ್ನು ಬದಿಗಿಟ್ಟು ಒಂದು ಪ್ರಶ್ನೆಗೆ ಉತ್ತರ ಕೊಡಲು ನಿಂತಿದ್ದೇನೆ. ಹೋದ ತಿಂಗಳು ಹೆರಿಗೆ ವಾರ್ಡಿನ ಬಾಗಿಲಲ್ಲಿ ಒಬ್ಬ ತಾಯಿ ನನ್ನನ್ನು ನಿಲ್ಲಿಸಿದರು. ಮಗಳಿಗೆ ಚೊಚ್ಚಲು ಹೆರಿಗೆ. ಒಳಗೆ ಮಂಚದ ಸುತ್ತ ನಮ್ಮ ಮೂವರು ವಿದ್ಯಾರ್ಥಿನಿಯರು ನಿಂತಿದ್ದುದನ್ನು ಅವರು ನೋಡಿದ್ದರು. "ಅಕ್ಕಾರ, ಈ ಸಣ್ಣ ಹುಡುಗ್ಯಾರು ನಮ್ಮ ಹುಡುಗಿ ಮ್ಯಾಲ ಕಲೀತಾರೇನ್ರಿ?" ಎಂದು ಕೇಳಿದರು. ನಾನು ಗಡಿಬಿಡಿಯಲ್ಲಿದ್ದೆ. "ಇಲ್ರೀ ಅವ್ವಾರ, ಬರೇ ನೋಡ್ತಾರ" ಎಂದು ಹೇಳಿ ಒಳಗೆ ಹೋದೆ.

ಅದು ಸುಳ್ಳು. ಆ ತಾಯಿ ನಂಬಿದರೋ ಇಲ್ಲವೋ, ನನಗೆ ಮಾತ್ರ ಆ ರಾತ್ರಿ ಸಮಾಧಾನವಾಗಲಿಲ್ಲ. ಅವರ ಪ್ರಶ್ನೆಗೆ ನಿಜವಾದ ಉತ್ತರ 'ಹೌದು' ಎಂದೇ. ಈ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಇದೆ, ಇಲ್ಲಿ ಹುಡುಗಿಯರು ಹೆರಿಗೆ ಮಾಡಿಸುವುದನ್ನು ಕಲಿಯುತ್ತಾರೆ. ನಿಮ್ಮ ಮಗಳ, ನಿಮ್ಮ ಸೊಸೆಯ ಮಂಚದ ಪಕ್ಕದಲ್ಲಿಯೇ ಕಲಿಯುತ್ತಾರೆ. ನಾನೂ ಹೀಗೆಯೇ ಯಾವುದೋ ಊರಿನ ತಾಯಂದಿರ ಪಕ್ಕದಲ್ಲಿ ನಿಂತು ಕಲಿತವಳು. ಆದರೆ ಏನು ಕಲಿಯುತ್ತಾರೆ, ಯಾವ ಕ್ರಮದಲ್ಲಿ ಕಲಿಯುತ್ತಾರೆ, ಅವರ ಕೈಯನ್ನು ಯಾರು ಕಾಯುತ್ತಾರೆ, ನಿಮಗೆ ಬೇಡವೆನಿಸಿದರೆ ಏನು ಮಾಡಬೇಕು ಎಂಬುದು ನಿಮಗೆ ತಿಳಿದಿರಬೇಕು. ಅದನ್ನು ನಾವು ಮೊದಲೇ ಹೇಳಬೇಕಿತ್ತು.

ನಮ್ಮದು ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಎಂಬ ಮೂರು ವರ್ಷದ ಡಿಪ್ಲೊಮಾ. ಮಿಡ್‌ವೈಫರಿ ಎಂದರೆ ಸೂಲಗಿತ್ತಿಯ ವಿದ್ಯೆ, ಅಂದರೆ ಗರ್ಭಿಣಿಯನ್ನು, ಹೆರಿಗೆಯನ್ನು, ಬಾಣಂತಿಯನ್ನು, ಎಳೆಗೂಸನ್ನು ನೋಡಿಕೊಳ್ಳುವ ವಿದ್ಯೆ. ವಿದ್ಯಾರ್ಥಿನಿ ಮೊದಲು ಶಾಲೆಯ ಕೋಣೆಯಲ್ಲಿ ಪ್ಲಾಸ್ಟಿಕ್ ಸೊಂಟದ ಮಾದರಿ ಮತ್ತು ಬಟ್ಟೆಯ ಗೊಂಬೆ ಇಟ್ಟುಕೊಂಡು ಕೂಸಿನ ತಲೆ ಹೇಗೆ ತಿರುಗುತ್ತದೆ, ಭುಜ ಹೇಗೆ ಬರುತ್ತದೆ ಎಂದು ಹತ್ತಾರು ಸಲ ಮಾಡುತ್ತಾಳೆ. ಆಮೇಲೆ ಹೆರಿಗೆ ಕೋಣೆಯಲ್ಲಿ ಕೈಕಟ್ಟಿ ನಿಂತು ನೋಡುತ್ತಾಳೆ. ಅದಾದ ಮೇಲೆ ಅನುಭವಿ ಸಿಸ್ಟರ್ ಕೈಯ ಜೊತೆ ಅವಳ ಕೈ ಇರುತ್ತದೆ. ಒಬ್ಬಳೇ ಹೆರಿಗೆ ಮಾಡಿಸುವ ಪ್ರಶ್ನೆಯೇ ಇಲ್ಲ. ಅವಳು ಮುಟ್ಟಿದ್ದಕ್ಕೆಲ್ಲ ಪಕ್ಕದಲ್ಲಿ ನಿಂತ ನೋಂದಾಯಿತ ನರ್ಸ್ ಜವಾಬ್ದಾರಳು.

ಆದರೆ ಕೈಯ ಪಾಠಕ್ಕಿಂತ ಮೊದಲು ಇನ್ನೊಂದು ಪಾಠವಿದೆ. ಅದು ಕೂರುವ ಪಾಠ.

ಹೆರಿಗೆ ಕೋಣೆಗೆ ಬಂದ ಮೊದಲ ವಾರ ನಾನು ಪ್ರತಿ ಹುಡುಗಿಯನ್ನು ಒಬ್ಬ ತಾಯಿಯ ಪಕ್ಕದಲ್ಲಿ, ಆ ತಾಯಿಯ ಒಪ್ಪಿಗೆ ಕೇಳಿ, ಸ್ಟೂಲಿನ ಮೇಲೆ ಕೂರಿಸುತ್ತೇನೆ. ಕೈಯಲ್ಲಿ ಗ್ಲೌಸ್ ಇಲ್ಲ, ಬಿ.ಪಿ. ಯಂತ್ರವಿಲ್ಲ. ಬ್ಯಾನಿ ಬಂದಾಗ ಸೊಂಟ ತಿಕ್ಕುವುದು, ಬ್ಯಾನಿ ಹೋದಾಗ ನೀರು ಕುಡಿಸುವುದು, ಬೆವರು ಒರೆಸುವುದು, ಅವಳು ಏನು ಹೇಳಿದಳೋ ಅದನ್ನು ಕೇಳಿಸಿಕೊಳ್ಳುವುದು. ಹಗಲಾದರೂ ಸರಿ, ರಾತ್ರಿಯಾದರೂ ಸರಿ, ಹೆರಿಗೆ ಆಗುವವರೆಗೆ ಅವಳ ಕೆಲಸ ಇಷ್ಟೇ. ಮರುದಿನ ತರಗತಿಗೆ ಬಂದು ಹುಡುಗಿಯರು ಮುಖ ಸಣ್ಣ ಮಾಡಿಕೊಂಡು, "ಮೇಡಂ, ನಾನು ಏನೂ ಮಾಡಲೇ ಇಲ್ಲ" ಎನ್ನುತ್ತಾರೆ. ಆಗ ನಾನು ಕೇಳುತ್ತೇನೆ: ಬ್ಯಾನಿ ಯಾವಾಗ ಜೋರಾಯಿತು? ಅವಳ ಉಸಿರು ಯಾವಾಗ ಬದಲಾಯಿತು? ಮಾತಾಡುತ್ತಿದ್ದವಳು ಯಾವಾಗ ಸುಮ್ಮನಾದಳು? 'ಕೆಳಗೆ ಒತ್ತಿದಂತಾಗುತ್ತಿದೆ' ಎಂದು ಯಾವಾಗ ಹೇಳಿದಳು? ಎಲ್ಲಕ್ಕೂ ಉತ್ತರ ಅವರಿಗೆ ಗೊತ್ತಿರುತ್ತದೆ. ಇದನ್ನು ಹೇಳಿಕೊಡುವ ಪುಸ್ತಕ ನನ್ನ ಹತ್ತಿರ ಇಲ್ಲ.

ಹೊರಗೆ ಕಟ್ಟೆಯ ಮೇಲೆ ಕುಳಿತವರಿಗೆ ಈ ಕೂರುವ ಕೆಲಸ ಕೆಲಸದಂತೆ ಕಾಣುವುದಿಲ್ಲ, ಅದು ನನಗೆ ಗೊತ್ತು. ಬೆಳಗ್ಗೆ ಬಂದದ್ದು, ಸಂಜೆಯಾದರೂ ಹೆರಿಗೆಯಾಗಿಲ್ಲ. "ಸಲೈನ್ ಹಚ್ರಿ", "ಹೊಟ್ಟಿ ಒತ್ರಿ", "ಆಪರೇಷನ್ ಮಾಡಿ ಬಿಡ್ರಿ" ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆತಂಕದಿಂದ ಹೇಳುವ ಮಾತು, ತಪ್ಪು ತಿಳಿಯುವುದಿಲ್ಲ. ಆದರೆ ಸ್ವಲ್ಪ ಲೆಕ್ಕ ತಿಳಿದುಕೊಳ್ಳಿ.

ಮೊದಮೊದಲು ಬರುವ ಬ್ಯಾನಿ ಬಿಟ್ಟುಬಿಟ್ಟು ಬರುತ್ತದೆ. ಆ ಹಂತ ಎಷ್ಟು ಹೊತ್ತು ನಡೆಯುತ್ತದೆಂದು ಹೇಳಲಾಗುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ರೀತಿ. ಗರ್ಭಚೀಲದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ನಿಜವಾದ ಜೋರು ಹೆರಿಗೆ ಶುರು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಅಲ್ಲಿಂದ ಬಾಯಿ ಪೂರ್ತಿ ತೆರೆಯಲು ಚೊಚ್ಚಲಿಗೆ 12 ಗಂಟೆಯವರೆಗೆ, ಮುಂದಿನ ಹೆರಿಗೆಗಳಿಗೆ 10 ಗಂಟೆಯವರೆಗೆ ಹಿಡಿಯಬಹುದು. ನಾನು ಓದುವಾಗ 'ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲೇಬೇಕು, ಇಲ್ಲವಾದರೆ ಏನೋ ತೊಂದರೆ' ಎಂದು ಬಾಯಿಪಾಠ ಮಾಡಿಸಿದ್ದರು. ಆ ಲೆಕ್ಕ ಎಲ್ಲ ಹೆಣ್ಣುಮಕ್ಕಳಿಗೂ ಹೊಂದುವುದಿಲ್ಲ, ತಾಯಿಯೂ ಕೂಸೂ ಚೆನ್ನಾಗಿದ್ದರೆ ಅದೊಂದನ್ನೇ ಹಿಡಿದು ಅವಸರ ಮಾಡಬಾರದು ಎಂದು ಈಗ ಕಲಿಸುತ್ತೇವೆ. ನಾನೇ ಕಲಿತದ್ದನ್ನು ನಾನೇ ತಿದ್ದಿಕೊಳ್ಳಬೇಕಾಯಿತು.

ಹಾಗೆಂದು ಕಾಯುವುದು ಎಂದರೆ ಸುಮ್ಮನೆ ಬಿಡುವುದಲ್ಲ. ಜೋರು ಬ್ಯಾನಿ ಶುರುವಾದ ಮೇಲೆ ಕೂಸಿನ ಎದೆಬಡಿತವನ್ನು 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹೊತ್ತಿನಲ್ಲಿ 5 ನಿಮಿಷಕ್ಕೊಮ್ಮೆ ಕೇಳಬೇಕು. ನಿಮಿಷಕ್ಕೆ 110ರಿಂದ 160 ಇದ್ದರೆ ಸರಿ. ಇದಕ್ಕೆ ಈಗ ಡಾಪ್ಲರ್ ಯಂತ್ರವಿದೆ. ಆದರೂ ನಮ್ಮ ಹುಡುಗಿಯರು ಮೊದಲು ಕಹಳೆಯಾಕಾರದ ಪಿನಾರ್ಡ್ ಕೊಳವೆಯನ್ನು ಹೊಟ್ಟೆಗೆ ಇಟ್ಟು, ಕಿವಿ ಹಚ್ಚಿ ಕೇಳಲು ಕಲಿಯಬೇಕು. ಕರೆಂಟು ಹೋದರೂ ಕಿವಿ ಇರುತ್ತದಲ್ಲ! ಅದಕ್ಕಿಂತ ಮೊದಲು ಅಂಗೈಯಿಂದ ಹೊಟ್ಟೆ ಮುಟ್ಟಿ ಮೇಲ್ಗಡೆ ಕೂಸಿನ ತಲೆಯಿದೆಯೋ ಕುಂಡಿಯಿದೆಯೋ, ಬೆನ್ನು ಯಾವ ಮಗ್ಗುಲಿಗೆ, ತಲೆ ಎಷ್ಟು ಇಳಿದಿದೆ ಎಂದು ಹೇಳಬೇಕು. ತಣ್ಣಗಿನ ಕೈಯಲ್ಲಿ ಮುಟ್ಟಿದರೆ ಹೊಟ್ಟೆ ಬಿಗಿಯಾಗುತ್ತದೆ, ಏನೂ ತಿಳಿಯುವುದಿಲ್ಲ. ಆದ್ದರಿಂದ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದೂ ಪಾಠವೇ.

ನೋವು ಬರಿಸುವ ಸಲೈನ್ ಒಳ್ಳೆಯ ಔಷಧ, ಬೇಕಾದವರಿಗೆ ಬೇಕಾದಷ್ಟು ಮಾತ್ರ. ಅವಸರಕ್ಕೆ ಹಚ್ಚಿದರೆ ಬ್ಯಾನಿ ಒಂದರ ಮೇಲೊಂದು ಬಂದು ಕೂಸಿಗೆ ಉಸಿರು ಸಾಲದಂತಾಗುತ್ತದೆ, ಗರ್ಭಚೀಲ ಹರಿಯುವ ಅಪಾಯವೂ ಇದೆ. ಹೊಟ್ಟೆಯ ಮೇಲಿನಿಂದ ಒತ್ತಿ ಕೂಸನ್ನು ಇಳಿಸುವುದಂತೂ ಬೇಡವೇ ಬೇಡ. ಚೊಚ್ಚಲು ಎಂದ ಮಾತ್ರಕ್ಕೆ ಕೆಳಗೆ ಕೊಯ್ದು ಹೊಲಿಗೆ ಹಾಕಲೇಬೇಕೆಂದೂ ಇಲ್ಲ. ತಾಯಿ ಎದ್ದು ಓಡಾಡಲಿ, ಮಗ್ಗುಲಾಗಿ ಮಲಗಲಿ, ಮಂಚ ಹಿಡಿದು ಬಾಗಿ ನಿಲ್ಲಲಿ, ಅವಳಿಗೆ ಯಾವುದು ಹಗುರವೋ ಅದು. ಡಾಕ್ಟರು ಬೇಡ ಎಂದು ಹೇಳದಿದ್ದರೆ ದಾಸೋಹದ ಮನೆಯಿಂದ ಗಂಜಿ ತರಿಸಿ ಕುಡಿಸಿರಿ. ಬರಿ ಹೊಟ್ಟೆಯಲ್ಲಿ ಇಷ್ಟು ದೊಡ್ಡ ಕೆಲಸ ಯಾರಿಂದ ಆದೀತು?

ಇನ್ನು ಎರಡನೆಯ ಪಾಠ, ಕೇಳಿ ಮುಟ್ಟುವುದು.

ಇದನ್ನು ಹೇಳುವಾಗ ನನ್ನ ವಿಷಯವನ್ನೂ ಹೇಳಬೇಕು. ನಾನು ವಿದ್ಯಾರ್ಥಿನಿಯಾಗಿದ್ದಾಗ ಹೆರಿಗೆ ಮಾಡಿಸುವುದಕ್ಕಿಂತ ಮೊದಲು ಬೈಯುವುದನ್ನು ಕಲಿತೆ. ದೊಡ್ಡವರು ಬೈಯುತ್ತಿದ್ದರು, ನಾವೂ ಬೈದೆವು. ಕೂಗಿದರೆ ಬೈಗುಳ, ಕಾಲು ಮಡಚಿದರೆ ತೊಡೆಗೆ ಏಟು. "ಮಾಡ್ಕೊಳ್ಳುವಾಗ ಗೊತ್ತಾಗಲಿಲ್ಲೇನು" ಎಂಬಂಥ ಮಾತುಗಳನ್ನು ಇಲ್ಲಿ ಕುಳಿತ ಎಷ್ಟೋ ತಾಯಂದಿರು ಎಲ್ಲಾದರೂ ಕೇಳಿಸಿಕೊಂಡಿರಬಹುದು. ಗದರಿದರೆ ಧೈರ್ಯ ಬರುತ್ತದೆ, ಬೇಗ ಹೆರುತ್ತಾರೆ ಎಂದು ನಮಗೆ ನಾವೇ ಹೇಳಿಕೊಳ್ಳುತ್ತಿದ್ದೆವು. ಹೆದರಿದ ಮೈ ಬಿಗಿಯಾಗುತ್ತದೆ, ಬಿಗಿಯಾದ ಮೈಯಿಂದ ಹೆರಿಗೆ ನಿಧಾನವಾಗುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬೈಸಿಕೊಂಡವಳು ಬಾಯಿ ಬಿಡುವುದಿಲ್ಲ, ಬೈದವಳಿಗೆ ಅವಳ ಮಾತು ಕಿವಿಗೆ ಬೀಳುವುದಿಲ್ಲ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದು. ಬೇರೆ ಊರಿನ ಒಂದು ಆಸ್ಪತ್ರೆ, ನನ್ನದು ರಾತ್ರಿ ಪಾಳಿ. ಒಬ್ಬ ತಾಯಿಗೆ ಮೂರನೆಯ ಹೆರಿಗೆ, ಸಲೀಸಾಗಿ ಆಯಿತು. ಮಾಸು ಪೂರ್ತಿ ಬಿತ್ತು. ಅವಳನ್ನು ವಾರ್ಡಿಗೆ ತಂದು ಮಲಗಿಸಿ, ಕಂಬಳಿ ಹೊದಿಸಿ, ನಾನು ಪಕ್ಕದ ಮೇಜಿನಲ್ಲಿ ಕೇಸ್ ಶೀಟು ಬರೆಯುತ್ತಿದ್ದೆ. ಅವಳು ಮೆಲ್ಲಗೆ, "ಅಕ್ಕಾ, ಯಾಕೋ ಕೆಳಗ ತೊಯ್ದಂಗ ಆಗೈತಿ, ಕಣ್ಣಿಗಿ ಕತ್ತಲಿ ಬಂದಂಗ ಆಗ್ತೈತಿ" ಎಂದಳು. ನಾನು ತಲೆ ಎತ್ತಲಿಲ್ಲ. "ಹಡೆದ ಮ್ಯಾಲ ಹಂಗ ಆಗ್ತೈತಿ, ಸುಮ್ನ ಮಲಕೋ" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವಳ ತಾಯಿ ಕಂಬಳಿ ಎತ್ತಿ ಚೀರಿದರು. ಹಾಸಿಗೆ ತುಂಬ ರಕ್ತ. ಡಾಕ್ಟರು ಓಡಿ ಬಂದರು, ಹೊಟ್ಟೆ ತಿಕ್ಕಿ, ಇಂಜೆಕ್ಷನ್ ಕೊಟ್ಟು, ಎರಡು ಬಾಟಲಿ ರಕ್ತ ಏರಿಸಿದ ಮೇಲೆ ಅವಳು ಉಳಿದಳು. ಬೆಳಗ್ಗೆ ಕೇಸ್ ಶೀಟು ತೆಗೆದು ನೋಡಿದೆ. ಅವಳು ಆ ಮಾತು ಹೇಳುತ್ತಿದ್ದ ಹೊತ್ತಿಗೆ ನಾನು ಬರೆದಿದ್ದ ಸಾಲು 'ಬಾಣಂತಿಯ ಸ್ಥಿತಿ ತೃಪ್ತಿಕರ' ಎಂದು.

ಅವಳನ್ನು ಉಳಿಸಿದ್ದು ಅವಳ ತಾಯಿಯ ಕೈ. ನನ್ನ ಓದಲ್ಲ. ಈ ಸಂಗತಿಯನ್ನು ಪ್ರತಿ ವರ್ಷ ಹೊಸ ವಿದ್ಯಾರ್ಥಿನಿಯರಿಗೆ ಮೊದಲ ವಾರವೇ ಹೇಳುತ್ತೇನೆ. ಹೇಳುವಾಗ ಈಗಲೂ ಗಂಟಲು ಕಟ್ಟುತ್ತದೆ.

ಆದ್ದರಿಂದ ಜೊತೆಗಿರುವವರು ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಹೆರಿಗೆಯಾದ ಮೊದಲ ಎರಡು ಗಂಟೆ ಬಾಣಂತಿಯ ಮೇಲೆ ಎಲ್ಲರ ಕಣ್ಣೂ ಇರಬೇಕು. ಮನೆಯವರೆಲ್ಲ ಕೂಸಿನ ಸುತ್ತ ನೆರೆದು ಯಾರ ಮೂಗು, ಯಾರ ಬಣ್ಣ ಎಂದು ನೋಡುತ್ತಿರುತ್ತಾರೆ, ಅವಳ ಕಡೆ ನೋಡುವವರೇ ಇರುವುದಿಲ್ಲ. ಕೂಸು ಹುಟ್ಟಿದ ಕೂಡಲೇ ನಾವು ಆಕ್ಸಿಟೋಸಿನ್ 10 ಯೂನಿಟ್ ಇಂಜೆಕ್ಷನ್ ಕೊಡುತ್ತೇವೆ, ಗರ್ಭಚೀಲ ಬಿಗಿಯಾಗಿ ರಕ್ತ ನಿಲ್ಲಲೆಂದು. ಹೊಕ್ಕುಳ ಹತ್ತಿರ ಮುಟ್ಟಿದರೆ ಅದು ಗಟ್ಟಿ ಉಂಡೆಯಂತೆ ಸಿಗಬೇಕು. ಮೆತ್ತಗಾದರೆ ರಕ್ತ ಹರಿಯುತ್ತದೆ. ಬಟ್ಟೆ ಬೇಗಬೇಗ ತೊಯ್ದರೆ, ಗಡ್ಡೆಗಡ್ಡೆಯಾಗಿ ಬಿದ್ದರೆ, ತಲೆ ತಿರುಗಿದರೆ, ಮೈ ತಣ್ಣಗಾಗಿ ಬೆವೆತರೆ, ಕಂಬಳಿ ಎತ್ತಿ ನೋಡಿ, ಕೂಗಿ ಕರೆಯಿರಿ. ಸಿಸ್ಟರ್ 'ಏನೂ ಆಗಿಲ್ಲ' ಎಂದರೂ 'ಒಮ್ಮೆ ಕಣ್ಣಿಂದ ನೋಡ್ರಿ' ಎಂದು ಕೇಳಿರಿ. ಸಿಟ್ಟಾದರೆ ಆಗಲಿ. ನೋಡುವುದು ನಮ್ಮ ಕೆಲಸ.

ಕೇಳಿ ಮುಟ್ಟುವುದು ಎಂದೆನಲ್ಲ, ಅದರ ವಿವರ ಇಷ್ಟು. ವಿದ್ಯಾರ್ಥಿನಿ ಬಂದ ಕೂಡಲೇ ತನ್ನ ಹೆಸರು ಹೇಳಬೇಕು, ತಾನು ಕಲಿಯುವವಳು ಎಂದು ಹೇಳಬೇಕು. 'ಹೊಟ್ಟೆ ಮುಟ್ಟಿ ನೋಡಲೇ ಅಕ್ಕಾ?' ಎಂದು ಕೇಳಬೇಕು. ಪರದೆ ಎಳೆಯಬೇಕು. ಒಳಪರೀಕ್ಷೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಸಾಕು, ತೊಂದರೆ ಕಂಡರೆ ಮಾತ್ರ ನಡುವೆ. ಒಬ್ಬರು ನೋಡಿದ ಮೇಲೆ 'ಕಲಿಯಲಿ' ಎಂದು ಇನ್ನೊಬ್ಬಳು, ಮತ್ತೊಬ್ಬಳು ನೋಡುವಂತಿಲ್ಲ. ಹಾಗೆ ಮಾಡಿದರೆ ನೋವಿನ ಮಾತು ಹಾಗಿರಲಿ, ನಂಜು ಏರುತ್ತದೆ. ಹೋದ ತಿಂಗಳು ಆ ತಾಯಿ ನೋಡಿದಾಗ ಮಂಚದ ಸುತ್ತ ಮೂವರು ಇದ್ದರು. ಅದು ನನ್ನ ತಪ್ಪು. ಈಗ ಒಬ್ಬ ತಾಯಿಗೆ ಒಬ್ಬಳೇ ವಿದ್ಯಾರ್ಥಿನಿ ಎಂದು ಮಾಡಿದ್ದೇವೆ.

ಒಪ್ಪಿಗೆ ಯಾರದು ಎಂಬುದೂ ಒಂದು ಮಾತು. ನಮ್ಮಲ್ಲಿ ಗರ್ಭಿಣಿಯನ್ನು ಕೇಳಿದರೆ ಅವಳ ಅತ್ತೆ ಉತ್ತರ ಕೊಡುತ್ತಾರೆ, ಅತ್ತೆಯನ್ನು ಕೇಳಿದರೆ ಮಗನನ್ನು ಕರೆಯುತ್ತಾರೆ. ಅವಳ ಮೈ, ಅವಳ ಬಾಯಿಂದಲೇ ಉತ್ತರ ಬರಬೇಕು. ಮಹಿಳಾ ಕೇಂದ್ರಿತ ಆರೈಕೆ ಎಂದು ಪುಸ್ತಕದಲ್ಲಿ ದೊಡ್ಡ ಹೆಸರಿದೆ, ಅದರ ಅರ್ಥ ಇಷ್ಟೇ. ಜೊತೆಗೆ ಒಳಗೆ ಯಾರು ಇರಬೇಕು ಎಂಬುದೂ ಅವಳ ಮಾತೇ. 2016ರಲ್ಲಿ ಕೇಂದ್ರ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗಾತಿಗೆ ಅವಕಾಶ ಕೊಟ್ಟಿತು. ನಮ್ಮಲ್ಲಿಯೂ ಒಬ್ಬರು ಇರಬಹುದು. ತಾಯಿಯೇ ಬೇಕೆನ್ನುತ್ತಾಳೆ ಎಂದು ನಾವು ತಿಳಿದಿರುತ್ತೇವೆ. ಮೊನ್ನೆ ಒಬ್ಬಳು, "ನಮ್ಮ ಅವ್ವ ಬ್ಯಾಡ್ರಿ, ಆಕಿ ನನಗಿಂತ ಜಾಸ್ತಿ ಅಳ್ತಾಳ. ನಮ್ಮ ಅತ್ತೀನ್ನ ಕಳಸ್ರಿ" ಎಂದಳು. ಹೊರಗೆ ಬೀಗತಿಯರಿಬ್ಬರೂ ಮುಖ ಮುಖ ನೋಡಿಕೊಂಡರು! ಕೇಳದಿದ್ದರೆ ನಮಗೆ ಇದು ತಿಳಿಯುತ್ತಿರಲಿಲ್ಲ.

ಇಲ್ಲಿ ಕುಳಿತ ಹಿರಿಯ ತಾಯಂದಿರಿಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇದೆಲ್ಲ ನಿಮ್ಮ ಕಾಲದ ಸೂಲಗಿತ್ತಿಯರಿಗೆ ಗೊತ್ತಿತ್ತು. ಒಬ್ಬಳ ಪಕ್ಕ ಇಡೀ ರಾತ್ರಿ ಕೂರುವುದು, ಸೊಂಟ ಒತ್ತುವುದು, ಕುಕ್ಕರುಗಾಲಲ್ಲಿ ಕೂರಿಸಿ ಹೆರಿಸುವುದು, ಹೆಸರು ಹಿಡಿದು ಮಾತಾಡಿಸುವುದು ಎಲ್ಲ ಅವರು ಮಾಡಿದ್ದೇ. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರ ಹೆಸರು ನೀವು ಕೇಳಿರುತ್ತೀರಿ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಎಂದು ಹೇಳುತ್ತಾರೆ, ಅದೂ ಹಣ ಪಡೆಯದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅವರ ಫೋಟೋ ನಮ್ಮ ತರಗತಿಯ ಗೋಡೆಯ ಮೇಲಿದೆ.

ಆದರೆ ಸತ್ಯವನ್ನು ಪೂರ್ತಿ ಹೇಳಬೇಕು. ರಕ್ತ ಹೋದಾಗ ಏರಿಸಲು ಸೂಲಗಿತ್ತಿಯ ಹತ್ತಿರ ರಕ್ತ ಇರಲಿಲ್ಲ, ಬಿ.ಪಿ. ಏರಿ ಫಿಟ್ಸ್ ಬಂದಾಗ ಔಷಧ ಇರಲಿಲ್ಲ, ಕೂಸು ಅಡ್ಡ ಇದ್ದಾಗ ಆಪರೇಷನ್ ಇರಲಿಲ್ಲ. ನಮ್ಮ ರಾಜ್ಯದಲ್ಲಿ 2001-03ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು, 2018-20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರ ಓಡಾಟ ಇಷ್ಟು ಜೀವ ಉಳಿಸಿವೆ. ಉಳಿದ 69 ಎಂಬುದೂ ಸಣ್ಣ ಸಂಖ್ಯೆಯಲ್ಲ. ಇಷ್ಟಾದರೂ ಊರಿಂದ ಆಸ್ಪತ್ರೆಗೆ ಬರುವ ದಾರಿಯಲ್ಲಿ ನಾವು ಒಂದನ್ನು ಕಳೆದುಕೊಂಡೆವು, ಅದು ಪಕ್ಕದಲ್ಲಿ ಕೂರುವ ಆ ಹೆಂಗಸನ್ನು. ನರ್ಸುಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು ಸಹಜ ಹೆರಿಗೆಗಳನ್ನು ಅವರ ಕೈಗೆ ಒಪ್ಪಿಸುವ ಮಾರ್ಗಸೂಚಿಯನ್ನು ಸರ್ಕಾರ 2018ರಲ್ಲಿ ತಂದದ್ದೂ ಇದೇ ಕಾರಣಕ್ಕೆ. ನಮ್ಮ ಹುಡುಗಿಯರಿಗೆ ಎರಡೂ ಬರಬೇಕು, ಸ್ಟೂಲಿನ ಮೇಲೆ ಕೂರುವುದೂ ಬರಬೇಕು, ಇಂಜೆಕ್ಷನ್ ಹಿಡಿದು ಓಡುವುದೂ ಬರಬೇಕು.

ಮನೆಗೆ ಹೋದ ಮೇಲಿನ ಆರೈಕೆಯ ಬಗ್ಗೆ ಬೇರೆ ಸಭೆಯಲ್ಲಿ ವಿವರವಾಗಿ ಹೇಳುತ್ತೇವೆ. ಈಗ ನಾಲ್ಕೇ ಮಾತು. ಕೂಸು ಹುಟ್ಟಿ ಅತ್ತ ಮೇಲೆ ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸುತ್ತೇವೆ, ತಡ ಮಾಡಿದರೆಂದು ಹೆದರಬೇಡಿ, ಮಾಸಿನಲ್ಲಿ ಉಳಿದಿರುವ ರಕ್ತ ಕೂಸಿಗೆ ಸೇರಲೆಂದೇ ಹಾಗೆ. ಕೂಸನ್ನು ತಾಯಿಯ ಎದೆಯ ಮೇಲೆ ಮೈಗೆ ಮೈ ತಾಗುವಂತೆ ಮಲಗಿಸುತ್ತೇವೆ, ಒಂದು ಗಂಟೆಯೊಳಗೆ ಮೊಲೆ ಹಿಡಿಸುತ್ತೇವೆ. ಮೊದಲ ಹಳದಿ ಹಾಲು ಚೆಲ್ಲಬೇಡಿ, ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ನೆಕ್ಕಿಸಬೇಡಿ. ಒಂದು ದಿನ ಕಳೆಯುವವರೆಗೆ ಎರೆಯುವುದು ಬೇಡ. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ, ಅದು ಅವಳಿಗೂ ಕೆಟ್ಟದ್ದು, ಹಾಲಿಗೂ ಕೆಟ್ಟದ್ದು.

ಇನ್ನು ಸೂತಕದ ಮಾತು. ಹೆತ್ತವಳು ಮೈಲಿಗೆ, ಮುಟ್ಟಬಾರದು ಎಂದು ಅವಳನ್ನು ಕತ್ತಲೆ ಕೋಣೆಯಲ್ಲಿ ಹೊಗೆಯ ನಡುವೆ ಒಂಟಿಯಾಗಿ ಬಿಡುವವರು ಇದ್ದಾರೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಈ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮ ಶರಣರು ಒಪ್ಪಲಿಲ್ಲ. ಈ ಮಠದ ಅಂಗಳಕ್ಕೆ ಬಂದು ಕೈಮುಗಿಯುವ ನಾವು ಮನೆಗೆ ಹೋಗಿ ಅದನ್ನು ಮತ್ತೆ ಹಿಡಿದುಕೊಂಡರೆ ಹೇಗೆ? ಅವಳನ್ನು ಮುಟ್ಟದಿದ್ದರೆ ಜ್ವರ ಬಂದದ್ದು ತಿಳಿಯುವುದಿಲ್ಲ, ಕಂಬಳಿ ಎತ್ತಿ ನೋಡುವವರೂ ಇರುವುದಿಲ್ಲ. ಎಂಟನೇ ತಿಂಗಳಲ್ಲಿ ಅಯ್ಯನವರನ್ನು ಕರೆಸಿ ಗರ್ಭಕ್ಕೆ ಲಿಂಗಧಾರಣೆ ಮಾಡಿಸುವ ಮನೆಗಳು ಅದೇ ವಾರ ಬಿ.ಪಿ. ತೋರಿಸಲೂ ಕರೆತಂದರೆ ನಮಗೆ ಬಹಳ ಸಂತೋಷ.

ಮತ್ತೆ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಅವರ ಮಾತಿನಲ್ಲಿ ಇನ್ನೊಂದು ಮಾತು ಅಡಗಿತ್ತು. 'ನಾವು ರೊಕ್ಕ ಕೊಡುವುದಿಲ್ಲ, ಧರ್ಮಾಸ್ಪತ್ರೆಗೆ ಬಂದಿದ್ದೇವೆ, ಆದ್ದರಿಂದ ನಮ್ಮ ಮೇಲೆ ಕಲಿಯುತ್ತೀರಿ, ಅಲ್ಲವೇ?' ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿತ್ತು. ಈ ಮಾತಿಗೆ ನನಗೆ ಸುಲಭದ ಉತ್ತರವಿಲ್ಲ. ದೊಡ್ಡ ಖಾಸಗಿ ಆಸ್ಪತ್ರೆಯ ಬೇರೆ ಕೋಣೆಯಲ್ಲಿ ಮಲಗಿದವರ ಪಕ್ಕ ವಿದ್ಯಾರ್ಥಿನಿಯರು ನಿಲ್ಲುವುದು ಕಡಿಮೆ ಎಂಬುದು ನಿಜ. ಆದರೆ ಮಠದ ದಾಸೋಹದಲ್ಲಿ ಪಂಕ್ತಿಗೆ ಕುಳಿತವರನ್ನು ಯಾರೂ ಕೀಳಾಗಿ ಕಾಣುವುದಿಲ್ಲ, ನೀಡುವವನೇ ಬಗ್ಗಿ ನೀಡುತ್ತಾನೆ. ಇಲ್ಲಿ ಚಿಕಿತ್ಸೆಯೂ ಹಾಗೆಯೇ ಆಗಬೇಕು. ಉಚಿತ ಚಿಕಿತ್ಸೆಗೆ ಪ್ರತಿಯಾಗಿ ನಿಮ್ಮ ಮೈಯನ್ನು ಪಾಠಕ್ಕೆ ಒಪ್ಪಿಸಬೇಕೆಂಬ ಕರಾರು ಇಲ್ಲ. ನೀವು ಒಪ್ಪಿದರೆ ಆ ಹುಡುಗಿಗೆ ವಿದ್ಯಾದಾನ ಮಾಡಿದವರು ನೀವು, ಋಣ ಅವಳದು. ಒಪ್ಪದಿದ್ದರೆ ಅವಳು ಕೈಮುಗಿದು ಹೊರಗೆ ಬರುತ್ತಾಳೆ. ನಿಮ್ಮ ಆರೈಕೆಯಲ್ಲಿ ಒಂದು ಎಳೆಯಷ್ಟೂ ಕಡಿಮೆಯಾಗುವುದಿಲ್ಲ.

'ಬೇಡ' ಎಂದು ಹೇಳಲು ಕಾರಣ ಕೊಡಬೇಕಿಲ್ಲ. ನಡುವೆ ಮನಸ್ಸು ಬದಲಾದರೂ ಹೇಳಬಹುದು, ಮೊದಲು ಹೂಂ ಎಂದವರು ಆಮೇಲೆ ಬೇಡ ಎನ್ನಬಹುದು. ಕೂರುವುದಕ್ಕೆ ಇರಲಿ, ಮುಟ್ಟುವುದು ಬೇಡ ಎಂದರೂ ಸರಿ. ಹೇಳಿದ್ದನ್ನು ಕೇಸ್ ಶೀಟಿನ ಮೇಲ್ಭಾಗದಲ್ಲಿ ಬರೆಯುತ್ತೇವೆ, ಪಾಳಿ ಬದಲಾದಾಗ ಬರುವ ಸಿಸ್ಟರ್ ಮತ್ತೆ ಮತ್ತೆ ಕೇಳಿ ಬೇಸರ ಮಾಡಬಾರದೆಂದು. ಇದಕ್ಕೆ ವಿರುದ್ಧವಾಗಿ ಏನಾದರೂ ನಡೆದರೆ ಹೆರಿಗೆ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗೆ ಅಥವಾ ನೇರವಾಗಿ ನನಗೆ ಹೇಳಿರಿ. ನಾನು ಬೆಳಗಿನ ಹೊತ್ತು ನರ್ಸಿಂಗ್ ಶಾಲೆಯ ಕೋಣೆಯಲ್ಲಿ, ಮಧ್ಯಾಹ್ನ ವಾರ್ಡಿನಲ್ಲಿ ಇರುತ್ತೇನೆ.

ಈಗ ನಮ್ಮ ವಿದ್ಯಾರ್ಥಿನಿಯರು ಒಬ್ಬೊಬ್ಬರೇ ಎದ್ದು ತಮ್ಮ ಹೆಸರು, ಊರು ಹೇಳುತ್ತಾರೆ. ಹೆರಿಗೆಗೆ ದಿನ ಹತ್ತಿರವಾದ ತಂಗಿಯರು ಮುಖ ನೋಡಿಟ್ಟುಕೊಳ್ಳಿ. ಆಮೇಲೆ ತಾಯಿ ಕಾರ್ಡ್ ತಂದವರು ಎಡಗಡೆಯ ಮೇಜಿಗೆ ಬನ್ನಿ, ಬಿ.ಪಿ. ಮತ್ತು ತೂಕ ನೋಡೋಣ. ದಾಸೋಹದ ಗಂಟೆ ಹೊಡೆಯಲು ಇನ್ನೂ ಅರ್ಧ ತಾಸು ಇದೆ.